ಕನ್ನಡಿಯಲ್ಲಿ ಹಿಡಿದ ಆನೆ

ಆನೆಯನ್ನು ಕನ್ನಡಿಯಲ್ಲಿ ಹಿಡಿದು ತೋರಿಸುವ ಮಾತು ಕನ್ನಡಕ್ಕೆ ಹೊಸದಲ್ಲ. ದೊಡ್ಡದೊಂದು ಚಿಕ್ಕದರೊಳಗೆ ಅಡಗಿ ಕುಳಿತಾಗಲೆಲ್ಲ ಹಿರಿಯರು ಈ ಮಾತನ್ನು ಬಳಸುತ್ತ ಬಂದಿದ್ದಾರೆ. ಹನ್ನೆರಡು ಸೆಂಟಿಮೀಟರ್ ಅಗಲದ ಡಿವಿಡಿಯೊಳಗೆ ಎರಡೂವರೆ ಗಂಟೆಯ ಚಲನಚಿತ್ರವೊಂದು ಹಾಡು, ಕುಣಿತ, ಹೊಡೆದಾಟಗಳ ಸಮೇತ ಕುಳಿತುಕೊಳ್ಳುವುದೂ ಇಂಥದೇ ಚಮತ್ಕಾರ. ಆದರೆ ಒಂದು ವ್ಯತ್ಯಾಸವಿದೆ. ಕನ್ನಡಿ ತನ್ನೆದುರಿಗೆ ಬಂದದ್ದನ್ನೆಲ್ಲ ತೋರಿಸುತ್ತದೆ. ಡಿವಿಡಿಯಾದರೋ ಆನೆಯ ಬಹುಪಾಲನ್ನು ಹೊರಗೇ ಬಿಟ್ಟು, ಉಳಿದ ಚೂರಿನಿಂದಲೇ ಇಡೀ ಆನೆಯನ್ನು ಕಂಡೆವೆಂಬ ಭ್ರಮೆ ಹುಟ್ಟಿಸುತ್ತದೆ.

ಒಂದೇ ಚಿತ್ರದ ಎರಡು ಡಿವಿಡಿಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಒಂದರಲ್ಲಿ ನಾಯಕಿಯ ಸೀರೆಯ ಅಂಚಿನ ಕುಸುರಿಯೂ ಕಾಣುತ್ತದೆ. ಇನ್ನೊಂದರಲ್ಲಿ ಮಳೆಯ ಹಾಡು ಶುರುವಾದ ಕೂಡಲೇ ಪರದೆಯೆಲ್ಲ ಚೌಕಚೌಕವಾಗಿ ಒಡೆದುಹೋಗುತ್ತದೆ. ಡಿಸ್ಕು ಒಂದೇ ಬಗೆಯದು, ಯಂತ್ರ ಅದೇ, ಟೀವಿ ಅದೇ. ಹಾಗಾದರೆ ಈ ಅಂತರ ಎಲ್ಲಿಂದ ಬಂತು? ಚಿತ್ರವನ್ನು ಡಿಸ್ಕಿಗೆ ಅಡಕಗೊಳಿಸುವಾಗ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂದು ತೀರ್ಮಾನಿಸಿದವರ ವಿವೇಕದಿಂದ ಎನ್ನುವುದೇ ಇದಕ್ಕೆ ಉತ್ತರ. ಡಿವಿಡಿಯ ಉಚ್ಛ್ರಾಯ ಕಾಲ ಈಗ ಮುಗಿದಿದೆ. ಆದರೂ ಈ ವಿವೇಕದ ಪ್ರಶ್ನೆ ಮುಗಿದಿಲ್ಲ. ಮೊಬೈಲ್ ಪರದೆಯ ಮೇಲೆ ಬರುವ ಚಿತ್ರದವರೆಗೂ ಅದು ಹಿಂಬಾಲಿಸಿಕೊಂಡು ಬಂದಿದೆ.

ಮೊದಲು ಲೆಕ್ಕವನ್ನು ನೋಡಬೇಕು. ಭಾರತದ ಟೀವಿಗಳು ಬಳಸಿದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಒಂದು ಫ್ರೇಮಿಗೆ ಅಡ್ಡಸಾಲಿನಲ್ಲಿ 720, ಮೇಲಿಂದ ಕೆಳಕ್ಕೆ 576, ಒಟ್ಟು 4,14,720 ಚುಕ್ಕಿಗಳು. ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್ ಬೇಕು. ಇಂಥ ಫ್ರೇಮುಗಳು ಸೆಕೆಂಡಿಗೆ 25. ಎರಡು ಗಂಟೆಯ ಚಿತ್ರಕ್ಕೆ ಹೀಗೆ ಸುಮಾರು 22,400 ಕೋಟಿ ಬೈಟ್ ಆಗುತ್ತದೆ. ಒಂದು ಪದರದ ಡಿವಿಡಿ ಹಿಡಿಸುವುದು 470 ಕೋಟಿ ಬೈಟ್ ಮಾತ್ರ. ಏನನ್ನೂ ಬಿಡದೆ ತುಂಬಹೊರಟರೆ ಒಂದು ಸಿನಿಮಾಕ್ಕೆ 48 ಡಿಸ್ಕು ಬೇಕಾದೀತು! ಒಂದೇ ಡಿಸ್ಕು ಸಾಕಾಗಬೇಕಾದರೆ ನಲವತ್ತೆಂಟರಲ್ಲಿ ನಲವತ್ತೇಳು ಪಾಲನ್ನು ಬಿಡಲೇಬೇಕು. ಯಾವ ನಲವತ್ತೇಳು ಎಂಬುದರಲ್ಲಿದೆ ಎಲ್ಲ ಗುಟ್ಟು.

ಕಣ್ಣಿನ ಮಿತಿ, ಯಂತ್ರದ ಲಾಭ

ಮೊದಲ ಉಳಿತಾಯಕ್ಕೆ ದಾರಿ ಮಾಡಿಕೊಡುವುದು ನಮ್ಮ ಕಣ್ಣೇ. ಬೆಳಕು ನೆರಳುಗಳ ಸೂಕ್ಷ್ಮವನ್ನು ಗುರುತಿಸುವಷ್ಟು ಚುರುಕಾಗಿ ಅದು ಬಣ್ಣದ ಸೂಕ್ಷ್ಮವನ್ನು ಗುರುತಿಸುವುದಿಲ್ಲ. ರಂಗೋಲಿಯ ಗೆರೆ ಕೊಂಚ ಸೊಟ್ಟಗಾದರೆ ಥಟ್ಟನೆ ಕಾಣುತ್ತದೆ. ಒಳಗೆ ತುಂಬಿದ ಬಣ್ಣದ ಪುಡಿ ಗೆರೆಯಿಂದ ಕೂದಲೆಳೆಯಷ್ಟು ಆಚೆ ಚೆಲ್ಲಿದ್ದರೆ ದೂರದಿಂದ ತಿಳಿಯುವುದಿಲ್ಲ. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟೀವಿಯ ಪದ್ಧತಿ ಒಪ್ಪಿಗೆ ಪಡೆದಾಗಲೇ ಇಂಜಿನಿಯರುಗಳು ಈ ಮಿತಿಯನ್ನು ಬಳಸಿಕೊಂಡು ಬಣ್ಣಕ್ಕೆ ಕಡಿಮೆ ಜಾಗ ಕೊಟ್ಟಿದ್ದರು. ಡಿವಿಡಿಯೂ ಅದೇ ಹಾದಿ ಹಿಡಿಯಿತು. ಬೆಳಕಿನ ಪ್ರಮಾಣವನ್ನು ಪ್ರತಿ ಚುಕ್ಕಿಗೂ ಬರೆದಿಟ್ಟು, ಬಣ್ಣವನ್ನು ನಾಲ್ಕು ಚುಕ್ಕಿಗಳಿಗೆ ಸೇರಿಸಿ ಒಂದು ಸಲ ಮಾತ್ರ ಬರೆಯುತ್ತದೆ. ನಾಲ್ಕು ಚುಕ್ಕಿಗೆ ಹನ್ನೆರಡು ಬೈಟ್ ಬೇಕಿದ್ದಲ್ಲಿ ಆರು ಸಾಕಾಗುತ್ತದೆ. ಹೀಗೆ ನಲವತ್ತೆಂಟು ಡಿಸ್ಕು ಒಂದೇ ಏಟಿಗೆ ಇಪ್ಪತ್ತನಾಲ್ಕಕ್ಕೆ ಇಳಿಯಿತು. ನೋಡುವವರಿಗೆ ಇದರ ಅರಿವೂ ಆಗುವುದಿಲ್ಲ.

ಇಪ್ಪತ್ತನಾಲ್ಕನ್ನು ಒಂದಕ್ಕೆ ಇಳಿಸುವ ಕೆಲಸ ಇಷ್ಟು ಸುಲಭದ್ದಲ್ಲ. ಅದಕ್ಕೆ ಗಣಿತ ಬೇಕಾಯಿತು. ಆ ಗಣಿತದ ಮೂಲ ಹುಡುಕುತ್ತ ಹೋದರೆ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಇಂಜಿನಿಯರರ ಹೆಸರು ಸಿಗುತ್ತದೆ.

ತೀರಾ ಸರಳವೆನಿಸಿದ ಒಂದು ವಿಚಾರ

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂದು ಯುವಿಸಿಇ ಎಂದು ಕರೆಯಲಾಗುವ, ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಮುಂದೆ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ, ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರವನ್ನು ಕೊಸೈನ್ ಅಲೆಗಳಾಗಿ ಬಿಡಿಸಿ ಬರೆಯುವ ವಿಧಾನವೊಂದನ್ನು ಅಧ್ಯಯನ ಮಾಡಲು 1972ರಲ್ಲಿ ಅವರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಅನುದಾನ ಕೇಳಿದರು. ಅನುದಾನ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂಬುದನ್ನು ಅಹ್ಮದ್ ಮುಂದೆ ಬರೆದುಕೊಂಡಿದ್ದಾರೆ. ಅನುದಾನವಿಲ್ಲದೆಯೇ 1973ರ ಬೇಸಿಗೆಯಲ್ಲಿ ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಅವರೊಡನೆ ಕೆಲಸ ಮುಂದುವರಿಸಿದರು. ಟೆಕ್ಸಸ್‌ನಲ್ಲಿದ್ದ ಕೆ.ಆರ್. ರಾವ್ ಅವರೂ ಸೇರಿ ಮೂವರ ಹೆಸರಿನಲ್ಲಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟವಾಯಿತು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಂಕ್ಷೇಪವಾಗಿ ಡಿಸಿಟಿ, ಎಂಬ ಹೆಸರು ಹುಟ್ಟಿದ್ದು ಹೀಗೆ. ವಿಸಿಡಿ, ಡಿವಿಡಿ, ಕ್ಯಾಮೆರಾಗಳ ಜೆಪೆಗ್ ಚಿತ್ರ, ಎಲ್ಲಕ್ಕೂ ಅದೇ ಅಡಿಪಾಯ.

ಈ ಗಣಿತದ ತಿರುಳನ್ನು ಸಂಗೀತದ ಮೂಲಕ ಗ್ರಹಿಸಬಹುದು. ಕಛೇರಿಯಲ್ಲಿ ಕೇಳುವ ನಾದವೆಂದರೆ ಶ್ರುತಿ, ಅದರ ಮೇಲೆ ಸ್ವರ, ಅದರ ಮೇಲೆ ಗಮಕಗಳ ಕಂಪನ. ಶ್ರುತಿ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಒಂದು ಪುಟ್ಟ ಕಂಪನ ತಪ್ಪಿದರೆ ಪಳಗಿದ ಕಿವಿಗಷ್ಟೇ ತಿಳಿದೀತು. ಡಿಸಿಟಿ ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಡಿವಿಡಿ ಫ್ರೇಮಿನಲ್ಲಿ ಬೆಳಕಿನ ಲೆಕ್ಕಕ್ಕೇ ಇಂಥ 6,480 ಚೌಕಗಳಿವೆ. ಪ್ರತಿ ಚೌಕವನ್ನೂ ಅರವತ್ತನಾಲ್ಕು ಸಿದ್ಧ ವಿನ್ಯಾಸಗಳ ಮಿಶ್ರಣವೆಂದು ಬರೆಯಲಾಗುತ್ತದೆ. ಮೊದಲನೆಯದು ಚೌಕದ ಸರಾಸರಿ ಬೆಳಕು, ಅದೇ ಶ್ರುತಿ. ಕೊನೆಕೊನೆಯವು ಅತಿ ಸಣ್ಣ ಗೀರುಗಳು, ಅವು ಗಮಕಗಳು.

ಇಲ್ಲಿಯವರೆಗೆ ಏನೂ ನಷ್ಟವಾಗಿಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ದಿನಸಿ ಅಂಗಡಿಯ ಶೆಟ್ಟರು ಚಿಲ್ಲರೆ ಪೈಸೆಗಳನ್ನು ಬಿಟ್ಟು ರೂಪಾಯಿಗೆ ಲೆಕ್ಕ ಸರಿ ಮಾಡುವಂತೆ, ಅರವತ್ತನಾಲ್ಕು ಅಂಕಿಗಳನ್ನೂ ಹತ್ತಿರದ ಒಂದು ದುಂಡು ಸಂಖ್ಯೆಗೆ ಇಳಿಸಲಾಗುತ್ತದೆ. ಶ್ರುತಿಯ ಅಂಕಿಯನ್ನು ಜೋಪಾನವಾಗಿ, ಗಮಕದ ಅಂಕಿಗಳನ್ನು ಒರಟಾಗಿ. ಬಹಳಷ್ಟು ಗಮಕಗಳು ಸೊನ್ನೆಯಾಗಿಬಿಡುತ್ತವೆ. ಸಾಲುಗಟ್ಟಿ ನಿಂತ ಸೊನ್ನೆಗಳನ್ನು ಬರೆಯಲು ಜಾಗ ಬೇಡ. ಇಷ್ಟು ಸೊನ್ನೆ ಎಂದು ಒಂದು ಮಾತಿನಲ್ಲಿ ಹೇಳಿದರಾಯಿತು. ಪೈಸೆಯನ್ನು ಬಿಟ್ಟರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಜಾಗದ ಅಭಾವ ಹೆಚ್ಚಿ, ಹತ್ತು ರೂಪಾಯಿಗೆ, ನೂರು ರೂಪಾಯಿಗೆ ಸರಿ ಮಾಡತೊಡಗಿದರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಆಗ ಪ್ರತಿ ಚೌಕದಲ್ಲೂ ಶ್ರುತಿಯೊಂದೇ ಉಳಿದು, ಅಕ್ಕಪಕ್ಕದ ಚೌಕಗಳ ನಡುವಿನ ಗಡಿಗೆರೆ ಬಯಲಾಗುತ್ತದೆ. ಮಳೆಯ ಹಾಡಿನಲ್ಲಿ ಕಾಣುವ ಚೌಕಗಳು ಇವೇ.

ಹಿಂದಿನದು, ಮುಂದಿನದು

ಚಲನಚಿತ್ರಕ್ಕೆ ಇನ್ನೊಂದು ಅನುಕೂಲವಿದೆ. ಒಂದು ಫ್ರೇಮಿಗೂ ಅದರ ಮುಂದಿನದಕ್ಕೂ ಸಾಮಾನ್ಯವಾಗಿ ಬಹಳ ವ್ಯತ್ಯಾಸವಿರುವುದಿಲ್ಲ. ವಾರ್ತೆ ಓದುವವರ ಹಿಂದಿನ ಗೋಡೆ ಅರ್ಧ ಗಂಟೆಯಾದರೂ ಅಲ್ಲೇ ಇರುತ್ತದೆ. ಅದನ್ನು ಸೆಕೆಂಡಿಗೆ ಇಪ್ಪತ್ತೈದು ಸಲ ಹೊಸದಾಗಿ ಬರೆಯುವುದೇಕೆ? ಹೀಗಾಗಿ ಡಿವಿಡಿಯಲ್ಲಿ ಮೂರು ಬಗೆಯ ಫ್ರೇಮುಗಳಿರುತ್ತವೆ. ಮೊದಲನೆಯದು ಸ್ವತಂತ್ರ ಫ್ರೇಮು, ಪೂರ್ತಿ ಚಿತ್ರ. ಎರಡನೆಯದು ಹಿಂದಿನ ಫ್ರೇಮನ್ನು ನೋಡಿ ಬದಲಾದುದನ್ನಷ್ಟೇ ಬರೆದುಕೊಳ್ಳುತ್ತದೆ. ಮೂರನೆಯದು ಹಿಂದಿನದನ್ನೂ ಮುಂದಿನದನ್ನೂ ಎರಡೂ ಕಡೆ ನೋಡುತ್ತದೆ. ದೇವಸ್ಥಾನದ ಮುಂದೆ ಬಸ್ಸೊಂದು ಹಾದುಹೋಗುವ ದೃಶ್ಯವನ್ನು ಊಹಿಸಿಕೊಂಡರೆ ಇದು ತಿಳಿಯುತ್ತದೆ. ಬಸ್ಸಿನ ಮರೆಯಿಂದ ಹೊರಬರುವ ಬಾಗಿಲು ಹಿಂದಿನ ಫ್ರೇಮಿನಲ್ಲಿ ಇರಲಿಲ್ಲ, ಆದರೆ ಮುಂದಿನ ಫ್ರೇಮಿನಲ್ಲಿ ಇದೆ. ಅಲ್ಲಿಂದ ಎರವಲು ತಂದರೆ ಕೆಲಸ ಅಗ್ಗವಾಗುತ್ತದೆ.

ಎರವಲು ತಂದೇ ಬದುಕುವುದಕ್ಕೆ ಮಿತಿ ಬೇಕು. ಪಾಲ್ ಡಿವಿಡಿಯ ನಿಯಮದಂತೆ ಹೆಚ್ಚೆಂದರೆ ಹದಿನೈದು ಫ್ರೇಮಿಗೊಮ್ಮೆ, ಅಂದರೆ ಅರ್ಧ ಸೆಕೆಂಡಿಗಿಂತ ಕೊಂಚ ಹೆಚ್ಚು ಹೊತ್ತಿಗೆ, ಒಂದು ಸ್ವತಂತ್ರ ಫ್ರೇಮು ಬರಲೇಬೇಕು. ಅದು ಎಲ್ಲಿ ಬರಬೇಕು ಎಂಬುದೂ ಮುಖ್ಯ. ದೃಶ್ಯ ಬದಲಾಗುವ ಕಡೆಗೇ ಅದು ಬಿದ್ದರೆ ಚಿತ್ರ ಮೊದಲ ಕ್ಷಣದಿಂದ ಸ್ಪಷ್ಟವಾಗಿರುತ್ತದೆ. ದೃಶ್ಯ ಬದಲಾಗಿ ನಾಲ್ಕೈದು ಫ್ರೇಮು ಕಳೆದ ಮೇಲೆ ಬಂದರೆ, ಹಳೆಯ ದೃಶ್ಯದ ಛಾಯೆಯಿಂದ ಹೊಸ ದೃಶ್ಯವನ್ನು ಕಟ್ಟಲು ಹೋಗಿ ಕ್ಷಣಕಾಲ ಎಲ್ಲ ಕಲಸುಮೇಲೋಗರವಾಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು

ಈ ತಂತ್ರಗಳನ್ನೆಲ್ಲ ಒಂದುಗೂಡಿಸಿ ಜಗತ್ತಿಗೆಲ್ಲ ಒಪ್ಪಿಗೆಯಾಗುವ ನಿಯಮ ರೂಪಿಸಲು 1988ರಲ್ಲಿ ತಜ್ಞರ ತಂಡವೊಂದು ಕಲೆಯಿತು. ಇಟಲಿಯ ಲಿಯೊನಾರ್ಡೊ ಕ್ಯಾರಿಲಿಯೋನೆ ಅದರ ನೇತೃತ್ವ ವಹಿಸಿದ್ದರು. ಎಂಪೆಗ್ ಎಂಬ ಹೆಸರಿನ ಆ ತಂಡದ ಮೊದಲ ನಿಯಮಾವಳಿಯ ಮೇಲೆ 1993ರಲ್ಲಿ ವಿಸಿಡಿ ಬಂತು. ಅದರಲ್ಲಿ ಫ್ರೇಮಿಗೆ 352 ಅಡ್ಡ, 288 ಉದ್ದ ಚುಕ್ಕಿಗಳಷ್ಟೇ. ಸೆಕೆಂಡಿಗೆ ಹನ್ನೊಂದೂವರೆ ಲಕ್ಷ ಬಿಟ್ ಎಂಬ ಪಡಿ ಬದಲಾಗುತ್ತಿರಲಿಲ್ಲ. ಇಬ್ಬರು ಕೂತು ಮಾತಾಡುವ ದೃಶ್ಯಕ್ಕೂ ಅಷ್ಟೇ, ನೂರು ಜನ ಕುಣಿಯುವ ಹಾಡಿಗೂ ಅಷ್ಟೇ. ಡಿಸ್ಕೊಂದಕ್ಕೆ 74 ನಿಮಿಷದ ಮಿತಿಯಿದ್ದುದರಿಂದ ಒಂದು ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕು ಬದಲಾಯಿಸುತ್ತ ನೋಡಿದ ಕಾಲವನ್ನು ಕರ್ನಾಟಕದ ಮನೆಮನೆಗಳೂ ಕಂಡಿವೆ.

ಡಿವಿಡಿಯ ಹುಟ್ಟಿನಲ್ಲಿ ಹಾಲಿವುಡ್ಡಿನ ಕೈವಾಡವಿತ್ತು. ಒಂದು ಇಡೀ ಸಿನಿಮಾ, ಅಂದರೆ ಸುಮಾರು 135 ನಿಮಿಷ, ಡಿಸ್ಕಿನ ಒಂದೇ ಬದಿಯಲ್ಲಿ ಹಿಡಿಸಬೇಕೆಂಬುದು ಚಿತ್ರೋದ್ಯಮದ ಬೇಡಿಕೆಯಾಗಿತ್ತು. ತೋಷಿಬಾ ಮತ್ತು ಟೈಮ್ ವಾರ್ನರ್ ಒಂದು ಕಡೆ, ಸೋನಿ ಮತ್ತು ಫಿಲಿಪ್ಸ್ ಇನ್ನೊಂದು ಕಡೆ ನಿಂತು ನಡೆಸಿದ ಪೈಪೋಟಿ 1995ರಲ್ಲಿ ರಾಜಿಯಲ್ಲಿ ಮುಗಿಯಿತು. 1996ರ ನವೆಂಬರ್‌ನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಡಿವಿಡಿ ಮಾರುಕಟ್ಟೆಗೆ ಬಂತು. ಎಂಪೆಗ್ ತಂಡದ ಎರಡನೆಯ ನಿಯಮಾವಳಿ ಇದರ ಜೀವಾಳವಾಯಿತು. ವಿಸಿಡಿಯ ಸಮಪಡಿಯ ಬದಲು ಇಲ್ಲಿ ಅಗತ್ಯಕ್ಕೆ ತಕ್ಕ ಪಡಿ ಕೊಡಲು ಅವಕಾಶವಿತ್ತು. ಚಿತ್ರಭಾಗಕ್ಕೆ ಸೆಕೆಂಡಿಗೆ 98 ಲಕ್ಷ ಬಿಟ್ ಗರಿಷ್ಠ ಮಿತಿ. ಆದರೆ ಎರಡು ಗಂಟೆಯ ಚಿತ್ರವೊಂದನ್ನು 470 ಕೋಟಿ ಬೈಟಿನಲ್ಲಿ ಹಿಡಿಸಲು ಧ್ವನಿ ಮತ್ತಿತರ ಖರ್ಚು ಕಳೆದು ಚಿತ್ರಕ್ಕೆ ಸರಾಸರಿ ಸಿಗುವುದು ಸುಮಾರು 45 ಲಕ್ಷ.

ಇಲ್ಲಿಂದ ಮುಂದಿನದು ಸಂಬಳದ ಮನೆಯ ತಿಂಗಳ ಲೆಕ್ಕ. ಹಬ್ಬ ಯಾವಾಗ, ಮದುವೆ ಯಾವಾಗ ಎಂದು ಮೊದಲೇ ತಿಳಿದಿದ್ದರೆ ಉಳಿದ ದಿನಗಳಲ್ಲಿ ಕೈಹಿಡಿದು ಖರ್ಚು ಮಾಡಬಹುದು. ತಿಳಿಯದಿದ್ದರೆ ಹಬ್ಬದ ದಿನ ಡಬ್ಬಿ ಖಾಲಿ. ಒಳ್ಳೆಯ ಡಿವಿಡಿಗಾಗಿ ಚಿತ್ರವನ್ನು ಎರಡು ಸಲ ಓದಿಸುವುದು ಈ ಕಾರಣಕ್ಕೇ. ಮೊದಲ ಓದಿನಲ್ಲಿ ಗಣಕಯಂತ್ರ ಏನನ್ನೂ ಬರೆಯದೆ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಓದಿನಲ್ಲಿ ಪಡಿ ಹಂಚುತ್ತದೆ. ಜಗಲಿಯ ಮೇಲೆ ಇಬ್ಬರು ಮಾತಾಡುವ ದೃಶ್ಯಕ್ಕೆ ಇಪ್ಪತ್ತೈದು ಲಕ್ಷ ಬಿಟ್ ಸಾಕಾದೀತು. ಜಲಪಾತ, ಬೆಂಕಿ, ಹೊಗೆ, ಗಾಳಿಗೆ ತೂಗುವ ಹುಲ್ಲು, ಹಾರುವ ಹೂವಿನ ಎಸಳುಗಳು ಬಂದಾಗ ಅಲ್ಲಿ ಉಳಿಸಿದ್ದನ್ನು ಇಲ್ಲಿ ಧಾರಾಳವಾಗಿ ಸುರಿಯಬಹುದು.

ಇಷ್ಟಾದರೂ ಯಂತ್ರದ ಲೆಕ್ಕವನ್ನು ಮನುಷ್ಯನ ಕಣ್ಣು ಒಪ್ಪಬೇಕು. ಹಾಲಿವುಡ್ಡಿನಲ್ಲಿ ಈ ಕೆಲಸಕ್ಕೆಂದೇ ಕಂಪ್ರೆಷನಿಸ್ಟ್ ಎಂಬ ಹೊಸ ವೃತ್ತಿ ಹುಟ್ಟಿಕೊಂಡಿತು. ಅಡಕಗೊಂಡ ಚಿತ್ರವನ್ನು ಅವರು ಕತ್ತಲೆ ಕೋಣೆಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ನೋಡುತ್ತಿದ್ದರು. ಕತ್ತಲೆಯ ದೃಶ್ಯಗಳಲ್ಲಿ ಯಂತ್ರ ಸುಲಭವಾಗಿ ಮೋಸಹೋಗುತ್ತದೆ. ಹಣತೆಯ ಸುತ್ತ ಮೆಲ್ಲಗೆ ಕರಗಬೇಕಾದ ಬೆಳಕು ಉಂಗುರ ಉಂಗುರವಾಗಿ ಒಡೆಯುತ್ತದೆ. ಅಂಕಿಗಳಲ್ಲಿ ಇದು ಅಲ್ಪ ದೋಷ, ಕಣ್ಣಿಗೆ ಮಾತ್ರ ದೊಡ್ಡ ಕಲೆ. ಅಂಥ ತುಣುಕುಗಳನ್ನು ಗುರುತಿಸಿ, ಅಷ್ಟಕ್ಕೆ ಮಾತ್ರ ಹೆಚ್ಚು ಬಿಟ್ ಕೊಟ್ಟು ಮತ್ತೆ ಅಡಕ ಮಾಡುವುದು ಅವರ ಕೆಲಸವಾಗಿತ್ತು.

ಮೂಲ ಕೆಟ್ಟರೆ

ಎಷ್ಟೇ ಜಾಣ ಹಂಚಿಕೆಯೂ ಕೆಟ್ಟ ಮೂಲವನ್ನು ಸರಿಪಡಿಸಲಾರದು. ಹಳೆಯ ರೀಲಿನ ದೂಳು, ಗೀರು, ನಡುಗುವ ಚಿತ್ರ, ವಿಎಚ್‌ಎಸ್ ಕ್ಯಾಸೆಟ್ಟಿನ ಮಿನುಗುವ ಕಾಳುಗಳು, ಇವು ನೋಡುವವರಿಗೆ ಕಿರಿಕಿರಿ ಮಾತ್ರ. ಅಡಕ ಮಾಡುವ ಯಂತ್ರಕ್ಕೋ ಅವೇ ದೊಡ್ಡ ಖರ್ಚು. ಒಂದು ಫ್ರೇಮಿನ ಕಾಳು ಮುಂದಿನ ಫ್ರೇಮಿನಲ್ಲಿ ಇರುವುದಿಲ್ಲ, ಬೇರೆಡೆ ಹೊಸದು ಹುಟ್ಟಿರುತ್ತದೆ. ಎರವಲಿಗೆ ಅಲ್ಲಿ ದಾರಿಯೇ ಇಲ್ಲ. ನಾಯಕನ ಮುಖಕ್ಕೆ ಸಲ್ಲಬೇಕಾದ ಬಿಟ್‌ಗಳನ್ನು ದೂಳು ತಿಂದುಹಾಕುತ್ತದೆ. ಆದ್ದರಿಂದ ಅಡಕಕ್ಕೆ ಮೊದಲು ಮೂಲವನ್ನು ಶುಚಿಗೊಳಿಸಬೇಕು. ಅದಕ್ಕೂ ಹದವಿದೆ. ಅತಿಯಾಗಿ ಉಜ್ಜಿದರೆ ಚರ್ಮದ ನವಿರು, ಬಟ್ಟೆಯ ನೇಯ್ಗೆ ಎಲ್ಲ ಒರೆಸಿಹೋಗಿ ಮುಖಗಳು ಮೇಣದ ಬೊಂಬೆಗಳಂತಾಗುತ್ತವೆ. ಸೆಲ್ಯುಲಾಯಿಡ್‌ನ ಸಹಜ ಕಾಳುಗಳು ಚಿತ್ರದ ಸ್ವಭಾವಕ್ಕೇ ಸೇರಿದವು. ಅವನ್ನು ಕೊಳೆಯೆಂದು ತೊಳೆಯಬಾರದು.

ಮದುವೆ, ಮುಂಜಿಗಳ ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಹಾಕಿಸುವವರಿಗೂ ಕೆಲವು ವಿಷಯಗಳು ತಿಳಿದಿದ್ದರೆ ಒಳ್ಳೆಯದು. ಕ್ಯಾಸೆಟ್ಟಿನ ಚಿತ್ರದ ಕೆಳಅಂಚಿನಲ್ಲಿ ಹರಿದಾಡುವ ಗೆರೆಗಳಿರುತ್ತವೆ. ಹಳೆಯ ಟೀವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು. ಅದರ ಮೇಲೆ ಕಪ್ಪು ಪಟ್ಟಿ ಎಳೆದರೆ ವ್ಯರ್ಥ ಖರ್ಚು ನಿಲ್ಲುತ್ತದೆ. ಕ್ಯಾಸೆಟ್ಟಿನಲ್ಲಿ ಅಡ್ಡಸಾಲಿನ ವಿವರ ಮೊದಲೇ ಕಡಿಮೆ; ಹೆಚ್ಚು ಹೊತ್ತನ್ನು ಒಂದು ಡಿಸ್ಕಿನಲ್ಲಿ ಹಿಡಿಸಲೇಬೇಕಾದರೆ 720ರ ಬದಲು 352 ಚುಕ್ಕಿಗಳ ಅಗಲ ಆರಿಸಿಕೊಳ್ಳಬಹುದು. ಡಿವಿಡಿಯ ನಿಯಮ ಇದನ್ನು ಒಪ್ಪುತ್ತದೆ. ಇಲ್ಲದ ವಿವರಕ್ಕೆ ಜಾಗ ಕೊಡುವ ಬದಲು ಇರುವುದನ್ನು ಚೆನ್ನಾಗಿ ಬರೆದಂತಾಗುತ್ತದೆ. ಕ್ಯಾಸೆಟ್ಟಿನ ಪ್ರತಿ ಫ್ರೇಮು ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು ಎಂದು ಎರಡು ಪಾಲಾಗಿ ಬರುತ್ತದೆ. ಇವುಗಳ ಸರದಿ ಅದಲುಬದಲಾದರೆ ಚಲಿಸುವುದೆಲ್ಲ ಹಿಂದೆ ಮುಂದೆ ಅದುರುತ್ತದೆ. ಒಂದು ನಿಮಿಷದ ತುಣುಕನ್ನು ಮೊದಲು ಪರೀಕ್ಷಿಸಿ ನೋಡಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಅಗಲ ಪರದೆಯ ಚಿತ್ರಗಳದ್ದು ಇನ್ನೊಂದು ಸೂಕ್ಷ್ಮ. ಸಿನಿಮಾಸ್ಕೋಪ್ ಚಿತ್ರವನ್ನು ಹಳೆಯ ಚೌಕ ಟೀವಿಯ ಅಳತೆಗೆ ಕೂರಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು 576 ಗೆರೆಗಳಲ್ಲಿ ಚಿತ್ರಕ್ಕೆ ಉಳಿಯುವುದು ಸುಮಾರು 327 ಮಾತ್ರ. ಅದನ್ನೇ ಅಗಲ ಟೀವಿಯ ಅಳತೆಗೆ ಎತ್ತರಕ್ಕೆ ಹಿಗ್ಗಿಸಿ ಬರೆದು, ತೋರಿಸುವಾಗ ಸರಿಮಾಡಿಕೊಳ್ಳುವ ಏರ್ಪಾಡು ಡಿವಿಡಿಯಲ್ಲಿದೆ. ಆಗ ಸುಮಾರು 436 ಗೆರೆ ಸಿಗುತ್ತದೆ. ಡಿಸ್ಕು ಅದೇ, ಕಾಣುವ ವಿವರ ಮಾತ್ರ ಮೂರನೆಯ ಒಂದು ಪಾಲು ಹೆಚ್ಚು.

ಮೂರು ಚಿತ್ರ, ಒಂದು ಡಿಸ್ಕು

ಹಾಲಿವುಡ್ಡಿನ ಅಳತೆಗೆ ಹೊಲಿದ ಅಂಗಿ ಭಾರತದ ಸಿನಿಮಾಕ್ಕೆ ಬಿಗಿಯಾಯಿತು. ಮೂರು ಗಂಟೆಯ ಚಿತ್ರವನ್ನು ಒಂದು ಪದರದ ಡಿಸ್ಕಿನಲ್ಲಿ ಕೂರಿಸಿದರೆ ಸರಾಸರಿ ಪಡಿ ಮೂವತ್ತು ಲಕ್ಷ ಬಿಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲಿ ಐದಾರು ಹಾಡು, ಎರಡು ಮೂರು ಹೊಡೆದಾಟ. ಎರಡು ಪದರದ ಡಿಸ್ಕು 854 ಕೋಟಿ ಬೈಟ್ ಹಿಡಿಸುತ್ತದೆ. ಅದನ್ನು ಬಳಸಿದವರ ಚಿತ್ರಗಳು ಅಚ್ಚುಕಟ್ಟಾಗಿ ಬಂದವು.

ಆದರೆ ಮಾರುಕಟ್ಟೆ ಹಿಡಿದದ್ದು ಬೇರೆ ದಾರಿ. ಕಳೆದ ಶತಮಾನ ಮುಗಿದು ಡಿವಿಡಿ ಅಗ್ಗವಾದ ಮೇಲೆ ಒಂದೇ ಡಿಸ್ಕಿನಲ್ಲಿ ಎರಡು, ಮೂರು ಚಿತ್ರ ಎಂಬ ಆಕರ್ಷಣೆ ಬೀದಿಬದಿಯ ಅಂಗಡಿಗಳಲ್ಲಿ ತೂಗಾಡಿತು. ಎರಡೂವರೆ ಗಂಟೆಯ ಮೂರು ಚಿತ್ರಗಳೆಂದರೆ ಏಳೂವರೆ ಗಂಟೆ. ಒಂದು ಪದರದ ಡಿಸ್ಕಿನಲ್ಲಿ ಹಂಚಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಹದಿನಾಲ್ಕು ಲಕ್ಷ ಬಿಟ್‌ಗೂ ಕಡಿಮೆ. ಇದು ಹೆಚ್ಚುಕಡಿಮೆ ವಿಸಿಡಿಯ ಪಡಿ. ಚುಕ್ಕಿಗಳ ಸಂಖ್ಯೆ ಮಾತ್ರ ವಿಸಿಡಿಯ ನಾಲ್ಕು ಪಟ್ಟು. ಅಷ್ಟು ದೊಡ್ಡ ಎಲೆಗೆ ಅಷ್ಟೇ ಅನ್ನ ಹರಡಿದರೆ ಎಲೆಯೇ ಕಾಣುತ್ತದೆ! ಹೆಸರು ಡಿವಿಡಿಯಾದರೂ ಕಣ್ಣಿಗೆ ಬಿದ್ದದ್ದು ಚೌಕಗಳು.

ಇದಕ್ಕಿಂತ ದೊಡ್ಡ ದೋಷ ವಿಸಿಡಿಯಿಂದಲೇ ಡಿವಿಡಿ ಮಾಡುವುದು. ಒಮ್ಮೆ ಅಡಕಗೊಂಡ ಚಿತ್ರವನ್ನು ಬಿಡಿಸಿ ಮತ್ತೆ ಅಡಕ ಮಾಡಿದಾಗ ಮೊದಲ ಸಲದ ಚೌಕಗಳ ಗಡಿಗೆರೆಗಳನ್ನೂ ಎರಡನೆಯ ಯಂತ್ರ ಚಿತ್ರದ ಭಾಗವೆಂದೇ ತಿಳಿದು ಶ್ರದ್ಧೆಯಿಂದ ಬರೆಯುತ್ತದೆ. ದೋಷವನ್ನು ಕಾಪಾಡಲು ಬಿಟ್ ಖರ್ಚಾಗುತ್ತದೆ, ಗುಣ ಇನ್ನಷ್ಟು ಸವೆಯುತ್ತದೆ. ನಕಲಿನ ನಕಲು ಪ್ರತಿ ತಲೆಮಾರಿಗೂ ಬಡವಾಗುತ್ತ ಹೋಗುತ್ತದೆ.

ಹೋದದ್ದು ಮರಳದು

ಇಷ್ಟೆಲ್ಲ ಲೆಕ್ಕಾಚಾರ ಬರೀ ತಂತ್ರಜ್ಞರ ತಲೆನೋವಲ್ಲ, ನೆನಪಿನ ಪ್ರಶ್ನೆಯೂ ಹೌದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ಅದರ ಒಂದು ಪ್ರತಿಯೂ ಉಳಿದಿರುವುದು ತಿಳಿದುಬಂದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅದಕ್ಕೆ ಮುಂಚಿನ ಮೂರು ದಶಕಗಳ ಚಿತ್ರಗಳು ಉಳಿದದ್ದು ಅವರವರ ಅದೃಷ್ಟದಂತೆ. ನೆಗೆಟಿವ್ ಹಾಳಾಗಿ, ಪ್ರದರ್ಶನದ ಪ್ರತಿಗಳು ಸವೆದುಹೋದ ಚಿತ್ರಕ್ಕೆ ಯಾವುದೋ ಟೇಪಿನಿಂದ ಇಳಿಸಿದ ಡಿಸ್ಕೇ ಕೊನೆಯ ಆಸರೆಯಾಗಬಹುದು. ಆಗ ಅಡಕ ಮಾಡಿದವನು ಉಳಿತಾಯಕ್ಕೆಂದು ಬಿಟ್ಟ ಸೊನ್ನೆಗಳು ಮುಂದಿನ ಪೀಳಿಗೆಗೆ ಶಾಶ್ವತ ಸೊನ್ನೆಗಳೇ. ನಟಿಯ ಕಣ್ಣಂಚಿನ ಒಂದು ಚಲನೆ ಆ ಅರವತ್ತನಾಲ್ಕು ಅಂಕಿಗಳ ಕೊನೆಯಲ್ಲೆಲ್ಲೋ ಇದ್ದಿದ್ದರೆ ಅದನ್ನು ಮರಳಿ ಹುಟ್ಟಿಸುವ ಗಣಿತ ಇಲ್ಲ. ಇಂದಿನ ಗಣಕಯಂತ್ರಗಳು ಅಳಿಸಿಹೋದ ವಿವರವನ್ನು ಊಹಿಸಿ ತುಂಬುತ್ತವೆ ನಿಜ. ಊಹೆ ಎಷ್ಟೇ ಚೆಂದವಾದರೂ ಸಾಕ್ಷಿಯಾಗಲಾರದು.

ಮನೆಗಳ ಮಟ್ಟಿಗೂ ಮಾತು ಇದೇ. ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನೈ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಓಡುವ ಯಂತ್ರಗಳು ದಿನೇ ದಿನೇ ಕಡಿಮೆಯಾಗುತ್ತಿವೆ, ಕ್ಯಾಸೆಟ್ಟಿನ ಪಟ್ಟಿಗಳು ಬೂಷ್ಟು ಹಿಡಿಯುತ್ತಿವೆ. ಅಜ್ಜಿಯ ಧ್ವನಿ, ಅಪ್ಪನ ತಾರುಣ್ಯ ಇರುವ ಮೂರು ಗಂಟೆಯ ಕ್ಯಾಸೆಟ್ಟನ್ನು ಆರು ಗಂಟೆ ಹಿಡಿಸುವ ಅಗ್ಗದ ಕ್ರಮದಲ್ಲಿ ಡಿಸ್ಕಿಗಿಳಿಸಿ, ಕ್ಯಾಸೆಟ್ಟನ್ನು ಗುಜರಿಗೆ ಹಾಕುವುದು ಸುಲಭ. ಮೂರು ಗಂಟೆಯನ್ನು ಎರಡು ಡಿಸ್ಕುಗಳಿಗೆ ಹಂಚುವುದರ ಖರ್ಚು ಬಹಳ ಅಲ್ಪ. ಅದಕ್ಕಿಂತಲೂ ಮೇಲು, ಕ್ಯಾಸೆಟ್ಟಿನಿಂದ ಇಳಿಸಿದ ಪೂರ್ಣ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಬೇರೆಯಾಗಿ ಇಟ್ಟುಕೊಂಡು, ನೋಡಲಿಕ್ಕೆ ಮಾತ್ರ ಡಿವಿಡಿ ಮಾಡಿಸಿಕೊಳ್ಳುವುದು. ಏನನ್ನೂ ಬಿಡದೆ ಅಡಕ ಮಾಡುವ ವಿಧಾನಗಳೂ ಇವೆ. ಅವು ಹೆಚ್ಚು ಜಾಗ ಬೇಡುತ್ತವೆ, ಆದರೆ ಮೂಲದ ಒಂದು ಚುಕ್ಕಿಯನ್ನೂ ಕಳೆಯುವುದಿಲ್ಲ. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಲೇಪ ಕಾಲಾಂತರದಲ್ಲಿ ಮಾಸುವುದರಿಂದ ಅದೊಂದನ್ನೇ ನಂಬಿ ಕೂರುವುದು ಜಾಣತನವಲ್ಲ.

ಡಿವಿಡಿಯ ನಂತರ 2003ರಲ್ಲಿ ಒಂದು, 2013ರಲ್ಲಿ ಒಂದು, 2018ರಲ್ಲಿ ಮತ್ತೊಂದು ಎಂದು ಹೊಸ ಹೊಸ ಅಡಕ ಪದ್ಧತಿಗಳು ಬಂದವು. ಮೊಬೈಲಿನಲ್ಲಿ ನೋಡುವ ಚಿತ್ರ ಅವುಗಳ ಮೂಲಕವೇ ಬರುತ್ತದೆ. ಅದೇ ಚಿತ್ರ ಇನ್ನೂ ಕಡಿಮೆ ಬಿಟ್ಟಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಬೇರು 1974ರ ಆ ಪ್ರಬಂಧದಲ್ಲೇ ಇದೆ, ಕಣ್ಣು ಗಮನಿಸದ್ದನ್ನು ಬಿಡುವ ನೀತಿಯೂ ಅದೇ. ಕನ್ನಡಿಯಲ್ಲಿ ಆನೆಯನ್ನು ನೋಡಿ ಸಂತೋಷಪಡುವುದು ತಪ್ಪಲ್ಲ. ಕನ್ನಡಿ ಕೈಗೆ ಬಂತೆಂದು ಆನೆಯನ್ನು ಕಾಡಿಗಟ್ಟಬಾರದು, ಅಷ್ಟೇ.